ಬೋರಮಾಳದ ಗಿಟಾರು

ಶಂಕ್ರಪ್ಪನ ಗಿಟಾರು ಮಾರುವ ಮಾತು ಎದ್ದದ್ದು ಊಟದ ಹೊತ್ತಿನಲ್ಲಿ, ಅದೂ ಶಂಕ್ರಪ್ಪನ ಮಂಚದ ಪಕ್ಕದಲ್ಲೇ. ಹಾವೇರಿಯ ಆ ಮನೆಯಲ್ಲಿ ಪಡಸಾಲೆ ಬಿಟ್ಟರೆ ಎಲ್ಲರೂ ಕೂತು ಉಣ್ಣುವಷ್ಟು ಜಾಗ ಬೇರೆಲ್ಲೂ ಇರಲಿಲ್ಲ. ಆ ಪಡಸಾಲೆಯಲ್ಲೇ ಲಕ್ವಾ ಹೊಡೆದ ಮುದುಕನ ಮಂಚವಿತ್ತು. ಬಲಗಡೆಯ ಮೈ ಸತ್ತು, ಮಾತು ನಿಂತು ಹೋದ ಮನುಷ್ಯನ ಎದುರು ಏನು ಆಡಬೇಕು, ಏನು ಆಡಬಾರದು ಎಂಬ ದಾಕ್ಷಿಣ್ಯ ಆ ಮನೆಯವರಿಗೆ ಮೊದಲ ತಿಂಗಳಿಗೇ ಮುಗಿದಿತ್ತು.

"ಅಪ್ಪನ ಗಿಟಾರ್ ಮಾರಿಬಿಡೂಣು," ಎಂದ ಮಗ ಪ್ರವೀಣಕುಮಾರ, ರೊಟ್ಟಿ ಮುರಿಯುತ್ತ. "ಮಂಚದ ಕೆಳಗ ಸುಮ್ನ ಧೂಳ ತಿನ್ನಾಕತ್ತೈತಿ."

ಬ್ಯಾಡಗಿಯಿಂದ ತವರಿಗೆ ಬಂದಿದ್ದ ಮಗಳು ಮಧು ತುತ್ತು ನಿಲ್ಲಿಸಿದಳು. "ಮಾರಪಾ. ಅರ್ಧಾ ನಂದು."

"ಅದ್ಹೆಂಗ ನಿಂದು?"

"ಅಪ್ಪನ ಸಾಮಾನ ಅಲ್ಲೇನದು? ನಾ ಏನ್ ಹಾದ್ಯಾಗ ಸಿಕ್ಕಾಕಿನ?"

"ಮೆಣಸಿನಕಾಯಿ ದಲಾಲಿ ಗಂಡ ಅದಾನ ನಿನಗ. ನನಗೇನೈತಿ? ಕೋರ್ಟಿನ ಮುಂದ ಒಂದ್ ಝೆರಾಕ್ಸ್ ಅಂಗಡಿ. ಫ್ಲೆಕ್ಸ್ ಮಷೀನ್ ಹಾಕ್ಬೇಕಂತ ಎಷ್ಟ ದಿನದಿಂದ ಬಡಕೊಳ್ಳಾಕತ್ತೇನಿ."

ಸೊಸೆ ಮಹೇಶ್ವರಿ ಪುಂಡಿಪಲ್ಯದ ಬೋಗುಣಿಯನ್ನು ಕುಕ್ಕಿ ಇಟ್ಟಳು. "ಅರ್ಧಾ ಕೇಳಾವ್ರು ಒಂದ್ ಎಂಟ ದಿನ ಬಂದು ಮಾವಾರ ಹಾಸಿಗಿ ಬದಲ ಮಾಡ್ಲಿ. ಆಮ್ಯಾಲ ಕೇಳ್ಲಿ."

"ಹಾಸಿಗಿ ಬದಲ ಮಾಡಾಕಿ ನಾನು," ಎಂದಳು ಶಂಕ್ರಪ್ಪನ ಹೆಂಡತಿ ಫಕ್ಕೀರವ್ವ. "ನೀ ಮೂಗಿಗೆ ಸೆರಗ ಹಿಡಕೊಂಡು ಹೊಸ್ತಿಲದಾಗ ನಿಂದ್ರಾಕಿ. ಸುಳ್ಳ ಹೆಸರ ತಗೋಬ್ಯಾಡ."

ಫಕ್ಕೀರವ್ವನ ನಾಲಿಗೆ ಗೊತ್ತಿದ್ದವರು ಒಂದು ಮಾತಿಗೇ ಸುಮ್ಮನಾಗುವುದು ವಾಡಿಕೆ. ಮುದುಕಿ ತನ್ನ ತಾಟಿನಲ್ಲಿ ಕೈ ತೊಳೆದು ಎಲ್ಲರನ್ನೂ ಒಂದು ಸುತ್ತು ನೋಡಿದಳು.

"ಮಾರ್ರಿ. ಆದ್ರ ಮೊದಲ ನನ್ನ ಬೋರಮಾಳ. ಅದರಷ್ಟ ಬಂಗಾರ ನನ್ನ ಕೊಳ್ಳಾಗ ಬಿದ್ದ ಮ್ಯಾಲ ನೀವು ಅರ್ಧಾ ಮಾಡ್ಕೋರಿ, ಪಾವ ಮಾಡ್ಕೋರಿ, ಬಡಿದಾಡ್ಕೋರಿ."

ಇದಕ್ಕೆ ಎದುರಾಡುವುದು ಶಕ್ಯವಿರಲಿಲ್ಲ. ಫಕ್ಕೀರವ್ವ ಐರಣಿಯವಳು, ಎತ್ತಿನ ವ್ಯಾಪಾರದ ಮೈಲಪ್ಪನ ಒಬ್ಬಳೇ ಮಗಳು. ಆ ಮೈಲಪ್ಪ ಜೋಡಿ ಎತ್ತು ಮಾರಿ ಮಗಳ ಕೊರಳಿಗೆ ಬಂಗಾರದ ಗುಂಡಿನ ಬೋರಮಾಳ ಹಾಕಿ ಕಳಿಸಿದ್ದ. ಮದುವೆಯಾಗಿ ವರ್ಷ ತುಂಬುವ ಮೊದಲೇ ಅಳಿಯ ಅದನ್ನು ಬಿಚ್ಚಿಸಿಕೊಂಡ. ಹುಬ್ಬಳ್ಳಿಯ ರೈಲ್ವೆ ಕಾಲನಿಯ ಒಬ್ಬ ಸಾಹೇಬ ದೇಶ ಬಿಟ್ಟು ಹೋಗುವವನಿದ್ದ, ಅವನ ಹತ್ತಿರ ವಿಲಾಯತಿ ಗಿಟಾರಿತ್ತು. ಸಾಮಾನ್ಯ ಗಿಟಾರಿನಂತೆ ಹೊಟ್ಟೆ ಪೊಳ್ಳಿನದಲ್ಲ, ಮಣೆಯಂತೆ ಗಟ್ಟಿ ಕಟ್ಟಿಗೆಯದು, ಕರೆಂಟಿನಿಂದ ನುಡಿಯುವಂಥದು. ಗಣಪತಿ ಪೆಂಡಾಲಿನ ರಸಮಂಜರಿಗಳಲ್ಲಿ ಬಾರಿಸುತ್ತಿದ್ದ ಶಂಕ್ರಪ್ಪನಿಗೆ ಅದನ್ನು ನೋಡಿದ ಮೇಲೆ ಅನ್ನ ಸೇರಲಿಲ್ಲ. ಬೋರಮಾಳ ಅಡವಿಡುತ್ತೇನೆ, ಹಬ್ಬದೊಳಗೆ ಬಿಡಿಸಿ ತರುತ್ತೇನೆ ಎಂದ. ಅಡವಿಡಲಿಲ್ಲ, ಮಾರಿಯೇ ಬಿಟ್ಟಿದ್ದ. ಸಾಲದ್ದಕ್ಕೆ ಗಿಟಾರಿಗೆ ಸುತ್ತಲು ಮೆತ್ತನೆಯ ಅರಿವೆ ಬೇಕೆಂದು ಆಕೆಯ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು ಕತ್ತರಿಸಿಕೊಂಡಿದ್ದ. ಕೇಳಲೂ ಇಲ್ಲ.

ಅಂದಿನಿಂದ ಅದು ಆಕೆಯ ಸವತಿ. ಮನೆಯಲ್ಲಿ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಸಣ್ಣವನಿದ್ದಾಗ ಪ್ರವೀಣ ಬೆಲ್ಲ ತಿಂದ ಕೈಯಲ್ಲಿ ಮುಟ್ಟಿದ್ದಕ್ಕೆ ಶಂಕ್ರಪ್ಪ ಅವನ ಕಿವಿಯಿಂದ ರಕ್ತ ಬರುವ ಹಾಗೆ ಹೊಡೆದಿದ್ದ. ಹೀಗಾಗಿ ಅದನ್ನು ಮಾರುತ್ತೇವೆಂದಾಗ ಆ ಮನೆಯಲ್ಲಿ ಒಬ್ಬರ ಕಣ್ಣೂ ತೇವವಾಗಲಿಲ್ಲ. ಮಂಚದ ಮೇಲಿನ ಮನುಷ್ಯ ತೊಲೆ ನೋಡುತ್ತ ಮಲಗಿದ್ದ.

"ಅಪ್ಪಗ ಕೇಳೂದು ಬ್ಯಾಡೇನು?" ಎಂದಳು ಮಧು, ಹೇಳಬೇಕೆಂದು ಹೇಳಿದಂತೆ.

"ಕೇಳಾಕ ಆತಗ ಏನ್ ತಿಳೀತೈತಿ?" ಪ್ರವೀಣ ನಕ್ಕ. "ನಿನ್ನಿ ನನ್ನ ನೋಡಿ ಯಾರಂತ ಗುರುತ ಹಿಡೀಲಿಲ್ಲ."

"ಎಲ್ಲಾ ತಿಳೀತೈತಿ ಆತಗ," ಎಂದಳು ಫಕ್ಕೀರವ್ವ. "ನಿನ್ನ ಮಾರಿ ನೋಡೋ ಮನಸಿಲ್ಲಷ್ಟ."

ಪ್ರವೀಣನ ಮಗಳು ದೀಪಿಕಾ ಪಿಯುಸಿ ಓದುತ್ತಿದ್ದಳು. ಅವಳು ಗಿಟಾರನ್ನು ಬಾಗಿಲ ಬೆಳಕಿಗೆ ಹಿಡಿದು ಫೋಟೊ ಹೊಡೆದು ಮೊಬೈಲಿನಲ್ಲಿ ಜಾಹೀರಾತು ಹಾಕಿದಳು. ವಾರದೊಳಗೆ ಬೆಂಗಳೂರಿನಿಂದ ಫೋನು ಬಂತು. ನಾಲ್ಕು ವರ್ಷದ ಹಿಂದೆ ಇದೇ ಗಿಟಾರು ಕೇಳಿಕೊಂಡು ಒಬ್ಬ ಮನೆಗೆ ಬಂದಿದ್ದ, ಅವನೇ. ಫಕ್ಕೀರವ್ವನಿಗೆ ನೆನಪಿತ್ತು. ಆಗ ಆಕೆ ಅಡಿಗೆಮನೆಯಲ್ಲಿ ಚಹಾ ಕಾಸುತ್ತಿದ್ದಳು, ಗಂಡಸರಿಬ್ಬರೂ ಪಡಸಾಲೆಯಲ್ಲಿ ಬಹಳ ಹೊತ್ತು ಮಾತಾಡಿದ್ದರು, ಕಡೆಗೆ ಶಂಕ್ರಪ್ಪ ಅವನನ್ನು ಚಹಾ ಕುಡಿಯಲೂ ಬಿಡದೆ ಅಟ್ಟಿದ್ದ. ಈಗ ಅವನು ಫೋನಿನಲ್ಲಿ ಹೇಳಿದ ಬೆಲೆ ಕೇಳಿ ಪ್ರವೀಣ ಕೂತಲ್ಲಿಂದ ಎದ್ದು ನಿಂತ. ಮಷೀನಿಗೂ ಆಗುತ್ತಿತ್ತು, ಮಧುವಿನ ಬಾಯಿಗೂ ಆಗುತ್ತಿತ್ತು, ಬೋರಮಾಳವೂ ಆಗಿ ಮಿಗುತ್ತಿತ್ತು. ಕೆಲಸದ ಮೇಲೆ ಹುಬ್ಬಳ್ಳಿಗೆ ಬರುವವನಿದ್ದೇನೆ, ಆಗ ಬರುತ್ತೇನೆ ಎಂದ ಅವನು ಒಂದು ಮಾತು ಒತ್ತಿ ಹೇಳಿದ: ಅದು ಹೇಗಿದೆಯೋ ಹಾಗೇ ಇರಲಿ, ಒರೆಸಲೂ ಹೋಗಬೇಡಿ.

ಈ ಮಾತನ್ನು ಪ್ರವೀಣ ಹೆಂಡತಿಗೆ ಹೇಳಿದ. ಹೆಂಡತಿ ಮಗಳಿಗೆ ಹೇಳಿದಳು. ಫೋನಿನಲ್ಲಿ ಬ್ಯಾಡಗಿಯ ಮಧುವಿಗೂ ತಿಳಿಯಿತು. ಗೊತ್ತಾಗದೆ ಉಳಿದವಳು ಫಕ್ಕೀರವ್ವ ಒಬ್ಬಳೇ. ಮುದುಕಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಏನಂದನೋ ಬೆಂಗಳೂರಾಂವ?" ಎಂದು ಆಕೆ ಬಾಯಿಬಿಟ್ಟು ಕೇಳಿದ್ದಳು ಕೂಡ.

"ನಿನಗ್ಯಾಕ ಬೇ ಅದೆಲ್ಲಾ? ನಿನ್ನ ಬೋರಮಾಳ ನಿನಗ ಬಂದ್ರ ಸಾಕಿಲ್ಲೋ?" ಎಂದು ಮಗ ಚಪ್ಪಲಿ ಮೆಟ್ಟಿ ಹೋದ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಫಕ್ಕೀರವ್ವ ಮಂಚದ ಕೆಳಗಿನ ಪೆಟ್ಟಿಗೆ ಎಳೆದು ತೆಗೆದಳು. ತನ್ನ ಸೆರಗಿನ ತುಂಡನ್ನು ಬಿಚ್ಚಿ ಸವತಿಯನ್ನು ಕಣ್ತುಂಬ ನೋಡಿದಳು. ಎಂಥ ಅವತಾರ! ಒಂದು ಕಾಲಕ್ಕೆ ಬೆಣ್ಣೆಯ ಬಣ್ಣದ್ದು, ಈಗ ಹಳದಿಗಟ್ಟಿ ಮೈತುಂಬ ಸೀಳು. ಶಂಕ್ರಪ್ಪನ ಮೊಳಕೈ ಉಜ್ಜಿದಲ್ಲಿ ಬಣ್ಣ ಹಾರಿ ಕಟ್ಟಿಗೆ ಕಾಣುತ್ತಿತ್ತು. ಹಿಂದಿನ ತಗಡು ತುಕ್ಕು ಹಿಡಿದಿತ್ತು. ಕಜ್ಜಿ ಹತ್ತಿದ ನಾಯಿಯಂತೆ ಕಂಡಿತು ಆಕೆಗೆ. ಇದನ್ನು ಹೀಗೇ ಮುಂದಿಟ್ಟರೆ ಬೆಂಗಳೂರಿನವನು ಹೇಳಿದ ಬೆಲೆ ಕೊಟ್ಟಾನೆಯೇ? ಮುರಿದು ಕೇಳುತ್ತಾನೆ. ಮುರಿದು ಕೇಳಿದರೆ ಮಗ ಮೊದಲು ಮುರಿಯುವುದು ಬೋರಮಾಳವನ್ನೇ.

ಮೈಲಪ್ಪನ ಮಗಳಿಗೆ ವ್ಯಾಪಾರ ಯಾರೂ ಕಲಿಸಬೇಕಾಗಿರಲಿಲ್ಲ. ರಾಣೆಬೆನ್ನೂರಿನ ದನದ ಸಂತೆಗೆ ಹೋಗುವ ಹಿಂದಿನ ದಿನ ಅಪ್ಪ ಎತ್ತುಗಳನ್ನು ಹೊಳೆಯಲ್ಲಿ ತಿಕ್ಕಿ ತೊಳೆಸುತ್ತಿದ್ದ, ಕೋಡು ಹೆರೆದು ಎಣ್ಣೆ ಹಚ್ಚಿ ಕೆಂಪು ಬಣ್ಣ ಬಳಿಯುತ್ತಿದ್ದ. ಕೋಡಿನ ಬಣ್ಣದ ಕೆಲಸ ಆಕೆಯದೇ ಆಗಿತ್ತು. ಅಂಥ ಎತ್ತು ಸಂತೆಯಿಂದ ಒಂದೂ ತಿರುಗಿ ಬಂದದ್ದಿಲ್ಲ.

ಆಕೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಕಡೆ ನೋಡಿದಳು. ಅವನು ತೊಲೆ ಬಿಟ್ಟು ಆಕೆಯನ್ನೇ ನೋಡುತ್ತಿದ್ದ. ಲಕ್ವಾ ಹೊಡೆದ ಮೇಲೆ ಆಕೆ ಅವನಿಗೆ 'ರೀ' ಅನ್ನುವುದನ್ನು ಬಿಟ್ಟಿದ್ದಳು, ಅಂದು ಯಾಕೋ ಬಾಯಿಗೆ ಬಂತು.

"ಏನ್ರಿ, ಇದನ್ನ ಮಾರತಾರಂತ. ನಿಮಗೂ ಕೇಳಿಸೇತಿ. ಈ ಹೊಲಸ ಮೈ ನೋಡಿ ಯಾರ್ ತಗೋತಾರ? ರಾಣೆಬೆನ್ನೂರಿಗೆ ಒಯ್ದು ಬಣ್ಣ ಹಚ್ಚಿಸಿಕೊಂಡ ಬರ್ಲೇನು?"

ಶಂಕ್ರಪ್ಪ ಬಹಳ ಹೊತ್ತು ಆಕೆಯ ಮುಖ ನೋಡಿದ. ಆಮೇಲೆ ಗೋಣು ಹಾಕಿದ. ನಿಧಾನವಾಗಿ, ಒಂದೇ ಸಲ.

"ಖರೇನ ಹೂಂ ಅಂದ್ರಿ?"

ಮತ್ತೆ ಗೋಣು ಹಾಕಿದ.

"ಯಾವ ಬಣ್ಣ? ಹಸರ? ನೀಲಿ?" ಆಕೆ ಹೇಳುತ್ತ ಹೋದಳು. ಅವನ ಜೀವವಿದ್ದ ಎಡಗೈ ಚಾದರದಿಂದ ಹೊರಗೆ ಬಂದು ಆಕೆಯ ಮಡಿಲಲ್ಲಿದ್ದ ಆ ಕತ್ತರಿಸಿದ ಸೆರಗನ್ನು ಮುಟ್ಟಿತು. ಕೆಂಪು. ಆಕೆ ಆ ಕೈಯನ್ನು ಹಿಡಿದುಕೊಂಡಳು. ಇಷ್ಟು ವರ್ಷದ ಸಂಸಾರದಲ್ಲಿ ಗಂಡಹೆಂಡತಿ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು ಎನ್ನಿಸಿತು ಫಕ್ಕೀರವ್ವನಿಗೆ. ಕಡೆಗಾಲಕ್ಕಾದರೂ ಬುದ್ಧಿ ಬಂತು, ನನ್ನ ಬಂಗಾರ ನನಗೆ ಮುಟ್ಟಿಸಬೇಕೆಂದು ಅನ್ನಿಸಿತು ಇವನಿಗೆ ಎಂದು ಆಕೆ ನಿಜವಾಗಿ ನಂಬಿದಳು. ಅಂದು ಸಂಜೆ ಅವನ ನುಚ್ಚಿಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಬಿತ್ತು.

ಮರುವಾರ ಆಕೆ ಹಳೆಯ ಕೌದಿಯಲ್ಲಿ ಗಿಟಾರು ಸುತ್ತಿಕೊಂಡು, ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು, ಐರಣಿಗೆ ತಮ್ಮನನ್ನು ನೋಡಿ ಬರುತ್ತೇನೆಂದು ಹೊರಟಳು.

"ಮಾವಾರಿಗೆ ಉಣಸಾವ್ರ ಯಾರ್ರಿ ಅತ್ತಿ?" ಮಹೇಶ್ವರಿ ಮುಖ ಗಂಟಿಕ್ಕಿದಳು.

"ನೀನು. ಒಂದ್ ದಿನ ಉಣಸಿದ್ರ ಕೈ ಸವೆಯಂಗಿಲ್ಲ."

"ಆ ಕೌದ್ಯಾಗ ಏನೈತ್ರಿ?"

"ತಮ್ಮನ ಮೊಮ್ಮಗಗ ಹೊಚ್ಚಾಕ ಕೌದಿ ಐತಿ. ನಿನ್ನ ಬಂಗಾರ ಕದ್ದ ಹೊಂಟಿಲ್ಲ."

ರಾಣೆಬೆನ್ನೂರಿನಲ್ಲಿ ಇಸ್ಮಾಯಿಲಸಾಬ ಲಾರಿಗೂ ಟ್ರ್ಯಾಕ್ಟರ್ ಟ್ರೇಲರಿಗೂ ಬಣ್ಣ ಹೊಡೆಯುವವನು. ಅವನ ಅಪ್ಪ ಮೈಲಪ್ಪನ ಚಕ್ಕಡಿಗೆ ಬಣ್ಣ ಹಚ್ಚುತ್ತಿದ್ದ. ಹಳೆಯ ಗುರುತಿನ ಮೇಲೆ ಅವನು ಖುರ್ಚಿ ಹಾಕಿಸಿ, ಚಹಾ ತರಿಸಿ, ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿದ.

"ಫಕ್ಕೀರಕ್ಕ, ಮೊದಲ ಇದನ್ನ ಉಪ್ಪುಕಾಗದಲೆ ಬರೇ ಕಟ್ಟಿಗಿ ಮಟ ತಿಕ್ಕಬೇಕಾಗ್ತೈತಿ. ಈ ತೆಲಿಮ್ಯಾಲಿನ ಇಂಗ್ಲೀಷ್ ಅಕ್ಷರ ಹೋಗ್ತಾವ ಮತ್ತ."

"ಹೋಗ್ಲಿ ಬಿಡೋ. ಅರ್ಧಾ ಅಳಿಸಿ ಹೋದ ಅಕ್ಷರ ಯಾರ್ ಓದ್ತಾರ? ಹಿಂದಿನ ತಗಡಿನ್ಯಾಗೂ ಏನೋ ನಂಬರ್ ಐತಿ, ತುಕ್ಕ ತಿಂದೈತಿ, ಅದನ್ನೂ ಒಗದು ಹೊಸಾ ಸ್ಟೀಲಿಂದು ಹಾಕು. ಹೊಳೀಬೇಕ ನೋಡ. ಬೆಂಗಳೂರಾಂವ ಕಣ್ಣ ಪಿಳಕಿಸಬೇಕು."

"ಟ್ರ್ಯಾಕ್ಟರ್ ಕೆಂಪ ಹೊಡೀಲಿ?"

"ಎತ್ತಿನ ಕೋಡಿನಂಗ ಹೊಡಿ."

ಎಂಟು ದಿನ ಬಿಟ್ಟು ಮತ್ತೊಂದು ನೆಪ ಹೇಳಿ ಹೋಗಿ ತಂದಳು. ಇಸ್ಮಾಯಿಲಸಾಬ ಮೋಸ ಮಾಡಿರಲಿಲ್ಲ. ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ತಂತಿಯ ಕೆಳಗಿನ ಕರಿಯ ಪಟ್ಟಿಗಳಿಗೂ ಬಣ್ಣ ಹೊಡೆದು ಒಂದೇ ಹದ ಮಾಡಿದ್ದ. ಮನೆಗೆ ಬಂದ ಮೇಲೆ ಯಾರೂ ಇಲ್ಲದ ಹೊತ್ತು ನೋಡಿ ಗಂಡನ ಎದುರು ಎತ್ತಿ ಹಿಡಿದು ತೋರಿಸಿದಳು. ಶಂಕ್ರಪ್ಪನ ಕಣ್ಣಿಂದ ನೀರು ಇಳಿಯಿತು. ಬಾಯಿಯ ಎಡಗಡೆ ತುದಿ ಮಾತ್ರ ಮೇಲೆದ್ದಿತ್ತು. ಸಂತೋಷಕ್ಕೆ ಅಳುತ್ತಾನೆ ಎಂದುಕೊಂಡು ಫಕ್ಕೀರವ್ವ ಸೆರಗಿನಿಂದ ಒರೆಸಿ, ಗಿಟಾರನ್ನು ಮೊದಲಿನಂತೆ ಪೆಟ್ಟಿಗೆಯಲ್ಲಿಟ್ಟಳು.

ಬೆಂಗಳೂರಿನವನು ಬಂದದ್ದು ಒಂದು ಭಾನುವಾರ. ಮಹೇಶ್ವರಿ ಎಣ್ಣೆಗಾಯಿ ಪಲ್ಯ ಮಾಡಿ, ಗೋದಿ ಹುಗ್ಗಿ ಮಾಡಿದ್ದಳು. ಮಧು ಪಾಲು ಕೈ ತಪ್ಪೀತೆಂದು ಗಂಡ ಸಿದ್ದೇಶನನ್ನೂ ಕರೆದುಕೊಂಡು ಬೆಳಿಗ್ಗೆಯೇ ಬಂದಿಳಿದಿದ್ದಳು. ಫಕ್ಕೀರವ್ವ ಬೆಳಿಗ್ಗೆ ತಲೆಗೆ ಎರೆದುಕೊಂಡು, ಮಡಿಸಿಟ್ಟ ಸೀರೆ ಉಟ್ಟು, ಕೊರಳು ಬರಿದಾಗಿ ಕಾಣುವಂತೆ ಸೆರಗು ಸರಿಸಿ ಕೂತಿದ್ದಳು.

ಬಂದವನು ಊಟ ಆಮೇಲೆ ಎಂದ. ಜೇಬಿನಿಂದ ಮೆತ್ತನೆಯ ಕೈಗವಸು ತೆಗೆದು ಕೈಗೆ ಹಾಕಿಕೊಂಡ. ಪ್ರವೀಣ ಪೆಟ್ಟಿಗೆ ಎಳೆದು ಮುಚ್ಚಳ ತೆಗೆದು ಸೆರಗಿನ ತುಂಡನ್ನು ಸರಿಸಿದ.

ಬಂದವನು ಕೈಗವಸುಗಳನ್ನು ಒಂದೊಂದಾಗಿ ಕಳಚಿ ಜೇಬಿಗೆ ಹಾಕಿಕೊಂಡ.

"ಇದೇನು?" ಎಂದ.

"ಇದು... ಇದನ್ನ ಯಾರ..." ಪ್ರವೀಣ ತೊದಲಿದ.

"ನಾನ ಹಚ್ಚಿಸಿದ್ದು," ಫಕ್ಕೀರವ್ವ ಎದೆ ಸೆಟೆಸಿ ಹೇಳಿದಳು. "ನೋಡ್ರಿ, ಮಾರಿ ಕಾಣ್ತೈತಿ. ಹೊಸಾದಕ್ಕಿಂತ ಹೊಸಾದ ಆಗೇತಿ. ಬೆಲಿ ನೀವೂ ಸ್ವಲ್ಪ ಏರಸಬೇಕ್ರಿ."

ಬೆಂಗಳೂರಿನವನು ಗಿಟಾರನ್ನು ಮಗುಚಿ ಹೊಸ ತಗಡು ನೋಡಿದ, ತಲೆಯ ಮೇಲೆ ಹೆಬ್ಬೆರಳು ಆಡಿಸಿ ಅಕ್ಷರ ಹುಡುಕಿದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ಅಮ್ಮಾ, ಅದರ ಹಳೇ ಬಣ್ಣಕ್ಕೇ ಬೆಲೆ ಇದ್ದಿದ್ದು. ಹೆಸರಿಲ್ಲ, ನಂಬರಿಲ್ಲ. ಇದು ಯಾವ ಗಿಟಾರು ಅಂತ ನಾನು ಯಾರಿಗೆ ಹೇಗೆ ನಂಬಿಸಲಿ? ಹುಡುಗರಿಗೆ ಆಡೋಕೆ ಕೊಡಿ."

"ಹಳೇ ಬಣ್ಣಕ್ಕ ಬೆಲಿ?" ಫಕ್ಕೀರವ್ವ ನಕ್ಕಳು. "ಯಾರಿಗೆ ಹೇಳ್ತೀರಿ? ಬೆಲಿ ಮುರಿಯಾಕ ಆಡೋ ಮಾತಲ್ಲೇನ್ರಿ ಇದು?"

"ನಾನು ಹೇಳ್ತಿಲ್ಲ. ನಿಮ್ಮ ಯಜಮಾನರೇ ಹೇಳಿದ್ದು." ಅವನು ಮಂಚದ ಕಡೆ ನೋಡಿದ. "ಹೋದ ಸಲ ಬಂದಾಗ ನಾನು ಧೂಳು ಒರೆಸೋಕೆ ಕರ್ಚೀಫ್ ತೆಗೆದಿದ್ದಕ್ಕೇ ಬೈದು ಕಳಿಸಿದ್ರು. ಈ ಬಣ್ಣ ಹೋದ ದಿನ ಇದು ಒಲೆ ಕಟ್ಟಿಗೆ, ಆಮೇಲೆ ನಾಯೀನೂ ಮೂಸಲ್ಲ ಅಂದ್ರು. ಅವರಷ್ಟು ಇದರ ಬಗ್ಗೆ ತಿಳಿದವರನ್ನ ನಾನು ನೋಡಿಲ್ಲ."

ಅವನು ನೀರೂ ಕುಡಿಯದೆ ಹೊರಟು ಹೋದ. ಹೊರಗೆ ಕಾರು ಸದ್ದು ಮಾಡುವವರೆಗೆ ತಡೆದಿದ್ದವರು ಆಮೇಲೆ ಒಟ್ಟಿಗೇ ಬಾಯಿ ತೆರೆದರು.

"ಒಬ್ಬರಿಗಾರ ಕೇಳೀದೇನ ಬೇ ನೀನು?" ಪ್ರವೀಣ ಪೆಟ್ಟಿಗೆಯನ್ನು ಒದ್ದ. "ಯಾರ್ ಹೇಳಿದ್ರು ನಿನಗ?"

"ನೀ ಹೇಳೀದೇನು ನನಗ? ಕೇಳಿದ್ರ ನಿನಗ್ಯಾಕ ಅಂದಿ. ನಿಮ್ಮಪ್ಪನ್ನ ಕೇಳೀನಿ. ಹೂಂ ಅಂದಾನ."

"ಹೂಂ ಅಂದಾನಂತ! ಉಚ್ಚಿ ಬಂದಿದ್ದು ತಿಳೀದ ಮನಿಷಾ ಬಣ್ಣಕ್ಕ ಹೂಂ ಅಂದಾನಂತ!"

"ಕೆಂಪಂತ ಕೈ ಹಚ್ಚಿ ತೋರಿಸ್ಯಾನೋ. ದೇವರಾಣಿ."

"ಹುಚ್ಚ ಹಿಡದೈತಿ ಅವ್ವಗ," ಎಂದಳು ಮಧು ಗಂಡನ ಕಡೆ ತಿರುಗಿ. ಸಿದ್ದೇಶ ಆಗಲೇ ಎದ್ದು ಬೈಕಿನ ಕೀಲಿ ಹುಡುಕುತ್ತಿದ್ದ. "ನಡೀರಿ. ಈ ಮನೀಗೆ ಇನ್ನ ಬರೂದ್ರಾಗ ಏನೈತಿ?" ಅಪ್ಪನ ಮಂಚದ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಮಹೇಶ್ವರಿ ಹುಗ್ಗಿಯ ಪಾತ್ರೆಯನ್ನು ಒಳಗೆ ಒಯ್ಯುತ್ತ ನಿಂತಳು. ಕೂಗಲಿಲ್ಲ. "ನಿಮ್ಮ ಬೋರಮಾಳ ನೀವ ಆ ಬಣ್ಣದಾಗ ಬಳದ ಬಿಟ್ಟೀರಿ ಅತ್ತಿ. ಇನ್ನ ಅದರ ಹೆಸರ ಎತ್ತಬ್ಯಾಡ್ರಿ ಈ ಮನ್ಯಾಗ. ಊರ ತಿರಗೂದು ಸಾಕು, ಇವತ್ತಿಂದ ಮಾವಾರ ಬಲ್ಯಾಕ ಕುಂದ್ರಿ. ಉಣ್ಣೂದೂ ಅಲ್ಲೇ."

ಪ್ರವೀಣ ತಡೆಯಲಿಲ್ಲ. ದೀಪಿಕಾ ಕೂಡ ಮೊಬೈಲಿನಿಂದ ತಲೆ ಎತ್ತಲಿಲ್ಲ. ಫಕ್ಕೀರವ್ವನ ನಾಲಿಗೆ ಅಂದು ಮೊದಲ ಸಲ ಸೋತಿತು. ಸೊಸೆ ತಂದಿಟ್ಟ ನುಚ್ಚಿನ ಬಟ್ಟಲು ಹಿಡಿದುಕೊಂಡು ಮಂಚದ ಪಕ್ಕ ಕೂತಳು. ಎಲ್ಲರೂ ಒಳಗೆ ಹೋದ ಮೇಲೆ ಗಂಡನ ಮುಖ ನೋಡಿದಳು.

ಶಂಕ್ರಪ್ಪ ನಗುತ್ತಿದ್ದ. ಸತ್ತ ಅರ್ಧ ಮುಖ ಸುಮ್ಮನಿತ್ತು, ಬದುಕಿದ ಅರ್ಧ ಮುಖ ನಗುತ್ತಿತ್ತು. ಸಂತೋಷಕ್ಕೆ ಅಳುತ್ತಾನೆಂದು ಆಕೆ ಒರೆಸಿದ್ದಳಲ್ಲ, ಅಂದೂ ಇದೇ ನಗು.

"ನಿನಗ ಗೊತ್ತಿತ್ತು," ಎಂದಳು.

ಅವನು ಗೋಣು ಹಾಕಿದ. ನಿಧಾನವಾಗಿ, ಒಂದೇ ಸಲ.

"ಮಾರಾಕ ಬಿಡಬಾರದಂತ. ಹಾಳಾದ್ರೂ ಅಡ್ಡಿಯಿಲ್ಲ, ನಿನ್ನ ಬಲ್ಯಾಕ ಇರಬೇಕಂತ. ನನ್ನ ಕೈಲೇ ಮಾಡಿಸಿದಿ."

ಅದಕ್ಕೆ ಅವನು ಗೋಣು ಹಾಕುವ ಗೋಜಿಗೂ ಹೋಗಲಿಲ್ಲ. ಎಡಗೈ ಎತ್ತಿ ಎದುರಿನ ಗೋಡೆ ತೋರಿಸಿದ. ಅಲ್ಲಿ ಕ್ಯಾಲೆಂಡರಿನ ಮೊಳೆ ಇತ್ತು. ಅದರಿಂದ ಕ್ಯಾಲೆಂಡರು ತೆಗೆ, ಗಿಟಾರು ತೂಗುಹಾಕು, ಮಲಗಿದಲ್ಲಿಂದ ನೋಡುತ್ತಿರುತ್ತೇನೆ ಎಂದು ಬಾಯಿದ್ದಿದ್ದರೆ ಹುಕುಂ ಮಾಡುತ್ತಿದ್ದ. ಬಾಯಿಲ್ಲದಿದ್ದರೂ ಮಾಡಿದ.

ಫಕ್ಕೀರವ್ವ ಎದ್ದಳು. ಒಳಗಿನಿಂದ ಸುತ್ತಿಗೆ ತಂದಳು, ಎದುರಿನ ಗೋಡೆಯ ಮೊಳೆ ಕಿತ್ತಳು. ಮಂಚದ ಹಿಂದೆ ಸರಿದು ಅವನ ತಲೆಯ ಹಿಂದಿನ ಗೋಡೆಗೆ ಅದನ್ನು ಜಡಿದಳು. ಗಿಟಾರನ್ನು ಅಲ್ಲಿ ತೂಗುಹಾಕಿದಳು. ಶಂಕ್ರಪ್ಪ ಕಣ್ಣುಗುಡ್ಡೆ ಮೇಲೆ ತಿರುಗಿಸಿದ, ಕುತ್ತಿಗೆ ಎಳೆದ, ಎಡಗೈಯಲ್ಲಿ ಮಂಚದ ಪಟ್ಟಿ ಹಿಡಿದು ಹೊರಳಲು ನೋಡಿದ. ಆಗಲಿಲ್ಲ. ಹೊರಳಿಸುವವಳು ದಿನಾ ಆಕೆಯೇ. ಅವನ ಗಂಟಲಿನಿಂದ ಗೊರಗೊರ ಸದ್ದು ಹೊರಟಿತು.

"ಐತಿ ಇಲ್ಲೇ. ಮಾರಿಲ್ಲ. ನಿನ್ನ ತೆಲಿ ಹಿಂದನ ಐತಿ," ಎಂದು ಒಂದು ತಂತಿಯನ್ನು ಉಗುರಿನಿಂದ ಎಳೆದು ಬಿಟ್ಟಳು. ಜಂಯ್ ಎಂದು ಅಪಸ್ವರ ಬಂತು. ಅವನು ಬೆಚ್ಚಿದ.

"ಯಾರ್ರಿ ಅದು ಬಾರ್ಸಾಕತ್ತಾವ್ರು?" ಮಹೇಶ್ವರಿ ಅಡಿಗೆಮನೆಯಿಂದ ಕೂಗಿದಳು.

"ನಾನ," ಎಂದು ಫಕ್ಕೀರವ್ವ ಇನ್ನೊಂದು ತಂತಿ ಎಳೆದಳು. ಆಮೇಲೆ ಬಂದು ಕೂತು ಬಟ್ಟಲು ಎತ್ತಿಕೊಂಡಳು. ನುಚ್ಚು ಆರಿತ್ತು. ಮುದುಕ ಇನ್ನೂ ಕಣ್ಣು ಮೇಲೆ ಮಾಡಿಕೊಂಡೇ ಇದ್ದ. ಆಕೆ ಚಮಚವನ್ನು ತುಟಿಗೆ ತಾಗಿಸಿ ಕಾದಳು.

"ಬಾಯಿ ತಗಿ."

ಬೆಳಿಗ್ಗೆಯಿಂದ ಅವನಿಗೆ ಯಾರೂ ಉಣಿಸಿರಲಿಲ್ಲ. ಬಾಯಿ ತೆಗೆದ.